ಡಬ್ಬಿಯ ಮೇಲಿನ 50 ನಮ್ಮ ಬಿಸಿಲಿನ ಲೆಕ್ಕವಲ್ಲ

ಕಿಣ್ಣಿ ಸುಲ್ತಾನದಲ್ಲಿ ನಮ್ಮ ಕಾಕಾನ ಮನೆ ಮುಂದೆ, ಬೇವಿನ ಗಿಡದ ಕೆಳಗೆ, ಒಂದು ಬಿಳಿ ಮಾರುತಿ 800 ನಿಂತಿದೆ. 1998ರ ಗಾಡಿ. ವಾರಕ್ಕೊಮ್ಮೆ ಆಳಂದದ ಸಂತೆಗೆ, ಹುಣ್ಣಿಮೆಗೆ ಗಾಣಗಾಪುರಕ್ಕೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಕಲಬುರಗಿಗೆ ಹೋಗಿಬರುತ್ತದೆ. ಉಳಿದ ದಿನ ಅದರ ಮೇಲೆ ಬೇವಿನ ಹೂವು ಉದುರುತ್ತಿರುತ್ತದೆ. ಕಾಕಾ ಅದನ್ನು ಎತ್ತಿನಷ್ಟೇ ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ. ಕಳೆದ ಏಪ್ರಿಲ್‌ನಲ್ಲಿ ಅದಕ್ಕೆ ಎಂಜಿನ್ ಆಯಿಲ್ ತರಲು ಇಬ್ಬರೂ ಆಳಂದಕ್ಕೆ ಹೋಗಿದ್ದೆವು. ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಡಬ್ಬಿಗಳಲ್ಲಿ ಕಾಕಾ ನೇರವಾಗಿ 20ಡಬ್ಲ್ಯೂ-50ಕ್ಕೆ ಕೈ ಹಾಕಿದ.

"ನಮ್ಮ ಕಡಿ ಬಿಸಲು ನಲವತ್ನಾಕು ಡಿಗ್ರಿ ಅದ ತಮ್ಮಾ. ಇದು ಐವತ್ತರ ತನಕ ತಡೀತದ. ನಲವತ್ತರದು ಹಾಕಿದ್ರ ಮೇ ತಿಂಗಳದಾಗ ನೀರಾಗ್ತದ."

ಇದೇ ಮಾತನ್ನು ಅಫಜಲಪುರದಲ್ಲೂ ಕೇಳಿದ್ದೇನೆ, ಜೇವರ್ಗಿಯಲ್ಲೂ ಕೇಳಿದ್ದೇನೆ. ನಮ್ಮ ಬಿಸಿಲನ್ನು ಉಂಡವರಿಗೆ ಈ ಲೆಕ್ಕ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಡಬ್ಬಿಯ ಮೇಲಿನ ಆ ಅಂಕಿಗೂ ಬಿಸಿಲಿನ ಡಿಗ್ರಿಗೂ ಸಂಬಂಧವಿಲ್ಲ.

ಎಣ್ಣೆಯ ದಪ್ಪಕ್ಕೆ ಅಂಕಿ ಕೊಡುವ ಪದ್ಧತಿಯನ್ನು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ 1911ರಲ್ಲಿ ಶುರುಮಾಡಿತು. 50 ಎಂಬುದು ದರ್ಜೆಯ ಹೆಸರು, ಅಷ್ಟೆ. ಎಣ್ಣೆಯನ್ನು 100 ಡಿಗ್ರಿಗೆ ಕಾಯಿಸಿ ಅದು ಎಷ್ಟು ನಿಧಾನ ಹರಿಯುತ್ತದೆಂದು ಅಳೆಯುತ್ತಾರೆ. ಆಗ ಅದರ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿದ್ದರೆ 40ರ ದರ್ಜೆ, 16.3ರಿಂದ 21.9ರ ಒಳಗಿದ್ದರೆ 50ರ ದರ್ಜೆ. ನಾವು ಕುಡಿಯುವ ನೀರಿನದು ಸುಮಾರು 1. ಅಂದರೆ ಕುದಿನೀರಿನಷ್ಟು ಬಿಸಿಯಲ್ಲೂ 40ರ ಎಣ್ಣೆ ನೀರಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ದಪ್ಪವಾಗಿಯೇ ಇರುತ್ತದೆ. ಮೇ ತಿಂಗಳಲ್ಲಿ ಅದು ನೀರಾಗುವುದಿಲ್ಲ.

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯ ಪರೀಕ್ಷೆಯದು. 20ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯೂ ಎಣ್ಣೆಯನ್ನು 25 ಡಿಗ್ರಿ ಕೆಳಗೆ ಇಟ್ಟು, ಎಂಜಿನ್ ತಿರುಗಲು ಬಿಡುತ್ತದೋ ಇಲ್ಲವೋ ನೋಡುತ್ತಾರೆ. ಅಂಥ ಚಳಿ ನಮ್ಮಲ್ಲಿ ಬೀಳುವುದೇ ಇಲ್ಲ. ಹಾಗಾಗಿ 20ಡಬ್ಲ್ಯೂ ನಮ್ಮ ಹವೆಗೆ ಸಾಕು. ಕಾಕಾನ ಗಾಡಿಯ ಕಾಲದ ಕಾರುಗಳಿಗೆ ಇಲ್ಲಿ ಬಳಕೆಯಲ್ಲಿದ್ದುದೂ ಬಹುಪಾಲು 20ಡಬ್ಲ್ಯೂ, 15ಡಬ್ಲ್ಯೂ ಎಣ್ಣೆಗಳೇ.

ಇನ್ನು ಬಿಸಿಲು. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಕವಾಟ ಇರುತ್ತದೆ. ನೀರು 80 ಡಿಗ್ರಿ ದಾಟಿದ ಮೇಲೆ ಅದು ತೆರೆದುಕೊಂಡು ರೇಡಿಯೇಟರಿಗೆ ದಾರಿ ಬಿಡುತ್ತದೆ. ಗಾಡಿ ಚೆನ್ನಾಗಿ ಕಾದ ಮೇಲೆ ಎಣ್ಣೆ 90ರಿಂದ 110 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಜನವರಿಯ ಚಳಿಯಲ್ಲೂ ಸುಮಾರು ಅಷ್ಟೇ, ಮೇ ತಿಂಗಳಲ್ಲೂ ಸುಮಾರು ಅಷ್ಟೇ. ಬೇಸಿಗೆಯಲ್ಲಿ ಮಾತ್ರ ಗಾಡಿ ಮಿತಿಮೀರಿ ಕಾಯುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿದೆಯೋ, ಫ್ಯಾನ್ ತಿರುಗುತ್ತಿಲ್ಲವೋ ನೋಡಬೇಕು. ಆ ರೋಗಕ್ಕೆ ದಪ್ಪ ಎಣ್ಣೆ ಮದ್ದಲ್ಲ.

ಕಾಕಾನ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಒಂದೇ ದರ್ಜೆಯ ಎಣ್ಣೆಗಳಿದ್ದವು. ಕಾದಾಗ ಅವು ಬಹಳ ತೆಳುವಾಗುತ್ತಿದ್ದವು. ಆಗ ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಣ್ಣೆ ಎಂಬ ಮಾತಿಗೆ ಅರ್ಥವಿತ್ತು. ಈಗಿನ ಎರಡಂಕಿಯ ಎಣ್ಣೆಗಳಲ್ಲಿ ಉದ್ದನೆಯ ಪಾಲಿಮರ್ ಎಳೆಗಳನ್ನು ಬೆರೆಸಿರುತ್ತಾರೆ. ತಂಪಿನಲ್ಲಿ ಅವು ಮುದುಡಿಕೊಂಡಿರುತ್ತವೆ. ಕಾದಾಗ ಬಿಚ್ಚಿಕೊಂಡು ಎಣ್ಣೆ ತೀರಾ ತೆಳುವಾಗದಂತೆ ತಡೆಯುತ್ತವೆ.

"ಹಳಿ ಗಾಡಿಗಿ ದಪ್ಪ ಆಯಿಲೇ ಹಾಕಬೇಕು"

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು. ಇದರಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಇದನ್ನು ತಿದ್ದುವುದು ಕಷ್ಟ.

ಎತ್ತಿನ ಬಂಡಿಯ ಅಚ್ಚಿಗೆ ನಮ್ಮ ಹಿರಿಯರು ಔಡಲೆಣ್ಣೆ ಬಿಡುತ್ತಿದ್ದರು. ಮರದ ಗುಂಭಕ್ಕೂ ಕಬ್ಬಿಣದ ಅಚ್ಚಿಗೂ ನಡುವೆ ಬೆರಳಿಗೆ ಸಿಗುವಷ್ಟು ಸಂದು. ಅಲ್ಲಿ ದಪ್ಪ ಎಣ್ಣೆಯೇ ನಿಲ್ಲುತ್ತದೆ. ಮೋಟಾರಿಗೂ ಒಂದು ಕಾಲಕ್ಕೆ ಔಡಲವೇ ಆಸರೆಯಾಗಿತ್ತು. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬವನ ಕಂಪನಿ 1909ರಲ್ಲಿ ಔಡಲೆಣ್ಣೆ ಬೆರೆಸಿ ತಂದ ಮೋಟಾರು ಎಣ್ಣೆಗೆ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಔಡಲದ ಇಂಗ್ಲಿಷ್ ಹೆಸರಿನಿಂದಲೇ. ಆದರೆ ಕಾರಿನ ಕ್ರ್ಯಾಂಕ್ ಶಾಫ್ಟಿಗೂ ಅದರ ಬೇರಿಂಗಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದು ಭಾಗ. ಕೂದಲೆಳೆಯೂ ತೂರದಷ್ಟು. ಆ ಸಂದಿನಲ್ಲಿ ಎಣ್ಣೆ ತೆಳ್ಳಗೆ ಹರಡಿ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಆ ಸಂದನ್ನು ಅಳೆದೇ ಎಂಜಿನ್ ಮಾಡಿದವರು ಎಣ್ಣೆಯ ದರ್ಜೆ ಹೇಳಿರುತ್ತಾರೆ.

ವರ್ಷಗಳು ಕಳೆದಂತೆ ಸಂದು ಒಂದಿಷ್ಟು ಹಿಗ್ಗುವುದು ನಿಜ. ಆದರೆ ಎಷ್ಟು ಹಿಗ್ಗಿದೆ ಎಂಬುದನ್ನು ಗಾಡಿಯ ವಯಸ್ಸು ಹೇಳುವುದಿಲ್ಲ. ಹೊತ್ತುಹೊತ್ತಿಗೆ ಎಣ್ಣೆ ಕಂಡ ಇಪ್ಪತ್ತೈದು ವರ್ಷದ ಎಂಜಿನ್ ಗಟ್ಟಿಯಾಗಿರಬಹುದು. ಎಣ್ಣೆ ಕಾಣದ ಎಂಟು ವರ್ಷದ ಎಂಜಿನ್ ಸವೆದು ಹೋಗಿರಬಹುದು. ಗಟ್ಟಿ ಎಂಜಿನ್ನಿಗೆ ಬೇಡದ ದಪ್ಪ ಎಣ್ಣೆ ಹಾಕಿದರೆ ಆಗುವ ಕೇಡು ಬೆಳಗಿನ ಮೊದಲ ಕ್ಷಣಗಳಲ್ಲಿ. ನಮ್ಮಲ್ಲಿ ಬೇಸಿಗೆಯ ನಸುಕಿನಲ್ಲೂ ಎಣ್ಣೆ 25–30 ಡಿಗ್ರಿಗೆ ತಣಿದಿರುತ್ತದೆ. ಆಗ ಅದರ ದಪ್ಪ ಕಾದಾಗಿನ ಹತ್ತು ಪಟ್ಟಿಗಿಂತ ಹೆಚ್ಚು. 40 ಡಿಗ್ರಿಯಲ್ಲೇ ಅಳೆದರೆ 10ಡಬ್ಲ್ಯೂ-30ರ ಎಣ್ಣೆ ಸುಮಾರು 70 ಸೆಂಟಿಸ್ಟೋಕ್ಸ್ ಇರುತ್ತದೆ, 20ಡಬ್ಲ್ಯೂ-50ರದು ಸಾಮಾನ್ಯವಾಗಿ 150 ದಾಟುತ್ತದೆ. ತಳದ ತೊಟ್ಟಿಯಿಂದ ಅದು ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ವರೆಗೆ ಏರುವ ತನಕ ಅಲ್ಲಿನ ಲೋಹ ಸಾಕಷ್ಟು ಎಣ್ಣೆಯಿಲ್ಲದೆ ಉಜ್ಜುತ್ತಿರುತ್ತದೆ.

ಇದನ್ನು ಕಾಕಾನ ಗಾಡಿಯಲ್ಲೇ ನೋಡಿದ್ದೇನೆ. ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರದ ಒಂದು ಕೆಂಪು ದೀಪ ಇರುತ್ತದಲ್ಲ, ಅದು ಎಣ್ಣೆಯ ಒತ್ತಡ ಹುಟ್ಟಿದ ಮೇಲೆ ಆರುತ್ತದೆ. 20ಡಬ್ಲ್ಯೂ-50 ಹಾಕಿದ್ದ ಚಳಿಗಾಲದಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದರೂ ಆರಿರಲಿಲ್ಲ. ತಲೆಯ ಮೇಲೆ ಟಕಟಕ ಸದ್ದು ಬೇರೆ. ನಿಮ್ಮ ಗಾಡಿಯಲ್ಲೂ ನಾಳೆ ಬೆಳಿಗ್ಗೆ ಎಣಿಸಿ ನೋಡಿ.

"ದಪ್ಪ ಆಯಿಲ್ ಹಾಕಿದ್ರ ಪ್ರೆಶರ್ ಚಲೋ ಬರ್ತದ" ಎನ್ನುವವರೂ ಇದ್ದಾರೆ. ಪ್ರೆಶರ್ ಬರುತ್ತದೆ, ಸರಿ. ಆದರೆ ಒತ್ತಡ ಬೇರೆ, ಹರಿವು ಬೇರೆ. ಕಾಲುವೆಯ ಬಾಯಿ ಕಟ್ಟಿದರೆ ಹಿಂದೆ ನೀರು ಒತ್ತುತ್ತದೆ, ಹೊಲಕ್ಕೆ ಹೋಗುವುದಿಲ್ಲ. ಎಣ್ಣೆ ತೀರಾ ದಪ್ಪವಾದರೆ ಪಂಪಿನ ಕವಾಟ ತೆರೆದು ಅದರಲ್ಲಿ ಒಂದಷ್ಟನ್ನು ತೊಟ್ಟಿಗೇ ಹಿಂದಕ್ಕೆ ಬಿಡುತ್ತದೆ.

ಹಾಗಾದರೆ ದಪ್ಪ ಎಣ್ಣೆ ಯಾರಿಗೆ? ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಇಳಿಯಿತೆಂದು ಬರೆದಿಟ್ಟು ನೋಡಿ. ಇಳಿಕೆ ಏರುತ್ತಲೇ ಇದ್ದು, ಕಾದಾಗ ಕೆಂಪು ದೀಪ ಮಿಣುಕುತ್ತಿದ್ದರೆ, ಗಾಡಿಯ ಪುಸ್ತಕದ ಪಟ್ಟಿಯಲ್ಲೇ ಇರುವ ಮುಂದಿನ ದಪ್ಪ ದರ್ಜೆಗೆ ಒಂದು ಮೆಟ್ಟಿಲು ಏರಬಹುದು. ಅದು ಎಂಜಿನ್ ಬಿಚ್ಚುವ ದಿನವನ್ನು ಮುಂದಕ್ಕೆ ಹಾಕುತ್ತದೆ, ಸವೆತವನ್ನು ತುಂಬಿಕೊಡುವುದಿಲ್ಲ. ಬೆಳಿಗ್ಗೆ ಮೊದಲು ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಪಫ್ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವಿನ ಸೀಲುಗಳು ಗಟ್ಟಿಯಾಗಿರುತ್ತವೆ. ಗಾಡಿ ಎಳೆಯುವಾಗಲೂ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗುಗಳ ಮೇಲೆ ಅನುಮಾನಪಡಬೇಕು. "ಹೊಗೆ ನಿಲ್ಲಿಸುವ" ಡಬ್ಬಿಗಳಿಗೆ ಸುರಿಯುವ ದುಡ್ಡನ್ನು ಸೀಲಿಗೆ ಇಟ್ಟುಕೊಳ್ಳುವುದು ಮೇಲು.

ಇನ್ನೊಂದು ವರ್ಗದ ಗಾಡಿಗಳಿವೆ: ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಡರ್. ಇವುಗಳ ಕ್ಯಾಮ್ ಎಂಜಿನ್ನಿನ ಹೊಟ್ಟೆಯೊಳಗೆ ಇರುತ್ತದೆ, ಟ್ಯಾಪೆಟ್ಟಿನ ಮೇಲೆ ನೇರವಾಗಿ ಉಜ್ಜುತ್ತದೆ. ಆ ಉಜ್ಜುವಿಕೆಯನ್ನು ತಾಳಲು ಎಣ್ಣೆಯಲ್ಲಿ ಸತು ಮತ್ತು ರಂಜಕದ ಸಂಯುಕ್ತ ಬೇಕು. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗೆ ರಂಜಕ ಕೆಡುಕೆಂದು, ಈಗಿನ ತೆಳು ಪೆಟ್ರೋಲ್ ಎಣ್ಣೆಗಳಲ್ಲಿ, ಅಂದರೆ 20 ಮತ್ತು 30ರ ದರ್ಜೆಗಳಲ್ಲಿ, ರಂಜಕವನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಿದ್ದಾರೆ. 40, 50ರ ದರ್ಜೆಗಳಿಗೆ ಆ ಮಿತಿ ಇಲ್ಲ. ಹಾಗಾಗಿ ಪದ್ಮಿನಿಯಂಥ ಗಾಡಿಗೆ 20ಡಬ್ಲ್ಯೂ-50 ಹಾಕುವವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ಅದೇ ಎಣ್ಣೆ ಕ್ಯಾಮ್ ತಲೆಯ ಮೇಲಿರುವ ಮಾರುತಿಗೂ ಬೇಕೇಬೇಕು ಎಂಬುದಷ್ಟೇ ತಪ್ಪು.

"ಡೀಸೆಲ್ ಹಾಕಿ ತೊಳೆದುಬಿಡ್ರಿ"

ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ನಮ್ಮ ಸಂಬಂಧಿಕರೊಬ್ಬರ ಹಳೆಯ ಕಾರಿಗೆ ಒಬ್ಬ ಮಿಸ್ತ್ರಿ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡಿದ. ಎಣ್ಣೆ ಇಳಿಸಿ, ಎರಡು ಲೀಟರ್ ಡೀಸೆಲ್ ಸುರಿದು, ಐದು ನಿಮಿಷ ಎಂಜಿನ್ ಓಡಿಸಿ ಚೆಲ್ಲಿದ. ಚೆಲ್ಲಿದ್ದು ಕಾಡಿಗೆಯಂತೆ ಬಂದಾಗ ಎಲ್ಲರಿಗೂ ಸಮಾಧಾನವಾಯಿತು. ಆದರೆ ವರ್ಷಗಟ್ಟಲೆ ಗೋಡೆಗೆ ಅಂಟಿದ್ದ ಗಸಿ ಎಲ್ಲವೂ ಕರಗುವುದಿಲ್ಲ, ಚಕ್ಕೆಚಕ್ಕೆಯಾಗಿ ಏಳುತ್ತದೆ. ಆ ಚಕ್ಕೆಗಳು ತೊಟ್ಟಿಯ ಜಾಲರಿಗೆ ಹೋಗಿ ಕೂತವು. ವಾರದೊಳಗೆ ಕೆಂಪು ದೀಪ ಹತ್ತಿತು. ಹತ್ತಿದ ಮೇಲೂ ಆರು ಕಿಲೋಮೀಟರ್ ಓಡಿಸಿಕೊಂಡು ಬಂದರು. ಬೇರಿಂಗ್ ಹೋಯಿತು. ಸಂದುಗೊಂದಿನಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳು ಮಾಡಿದ್ದು ಇನ್ನೊಂದು ಕೇಡು. ಗಸಿ ಕಟ್ಟಿದ ಎಂಜಿನ್ನಿಗೆ ಒಳ್ಳೆಯ ಎಣ್ಣೆಯನ್ನೇ ಹಾಕಿ, ಸಾವಿರ–ಸಾವಿರದೈನೂರು ಕಿಲೋಮೀಟರಿಗೊಮ್ಮೆ ಎರಡು ಸಲ ಎಣ್ಣೆ, ಫಿಲ್ಟರ್ ಬದಲಾಯಿಸಿದರೆ ಅದು ನಿಧಾನವಾಗಿ ತಾನೇ ತೊಳೆದುಕೊಳ್ಳುತ್ತದೆ.

ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ತಿಳಿಯುವುದೂ ಸರಿಯಲ್ಲ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಎಣ್ಣೆಯ ಕೆಲಸ. ಹಳೆಯ ಸುಮೋ, ಜೀಪು, ಕ್ರೂಸರಿನ ಡೀಸೆಲ್ ಎಂಜಿನ್ನುಗಳಲ್ಲಿ ಹೊಸ ಎಣ್ಣೆ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ಹೆದರಬೇಕಾದದ್ದು ಎಣ್ಣೆ ಅಳೆಯುವ ಕಡ್ಡಿಗೆ ಮಜ್ಜಿಗೆಯಂಥ ಬಿಳಿ ನೊರೆ ಅಂಟಿದರೆ (ನೀರು ಸೇರಿದೆ), ಪೆಟ್ರೋಲ್ ವಾಸನೆ ಹೊಡೆದರೆ, ಬೆರಳಲ್ಲಿ ಉಜ್ಜಿದಾಗ ಮರಳು ಸಿಕ್ಕರೆ.

ಮರಳಿನ ಮಾತು ಬಂದಾಗ ನಮ್ಮ ಸೀಮೆಯನ್ನು ನೆನೆಯಲೇಬೇಕು. ತೊಗರಿ ರಾಶಿಯ ದಿನಗಳಲ್ಲಿ ಆಳಂದ ಸುತ್ತಿನ ಹಳ್ಳಿ ದಾರಿಗಳಲ್ಲಿ ಹೊಟ್ಟು, ಎರೆಮಣ್ಣಿನ ಧೂಳು ಮೊಳಕಾಲೆತ್ತರಕ್ಕೆ ಏಳುತ್ತದೆ. ಏರ್ ಫಿಲ್ಟರ್ ಸಡಿಲಾಗಿದ್ದರೆ ಆ ಧೂಳು ಎಂಜಿನ್ನಿನ ಒಳಗೆ ಇಳಿದು ಸಾಣೆಪುಡಿಯಂತೆ ಉಜ್ಜುತ್ತದೆ. ಎಂಥ ದುಬಾರಿ ಎಣ್ಣೆಯೂ ಅದನ್ನು ತಡೆಯಲಾರದು. ನನ್ನ ಕೇಳಿದರೆ ನಮ್ಮ ಕಡೆಯ ಹಳೆಯ ಕಾರುಗಳನ್ನು ತಿನ್ನುತ್ತಿರುವುದು ಬಿಸಿಲಲ್ಲ, ಧೂಳು. ಗಾಡಿಯ ಪುಸ್ತಕಗಳಲ್ಲಿ ಧೂಳಿನ ದಾರಿಗೂ ಸಣ್ಣ ಓಡಾಟಕ್ಕೂ ಎಣ್ಣೆಯನ್ನು ಬೇಗ ಬದಲಾಯಿಸಲು ಬೇರೆಯಾಗಿಯೇ ಹೇಳಿರುತ್ತಾರೆ. "ಗಾಡಿ ಓಡಿಲ್ಲ, ಎಣ್ಣೆ ಯಾಕ ಬದಲಿ ಮಾಡಬೇಕು" ಎಂಬವರಿಗೂ ಉತ್ತರ ಅಲ್ಲಿದೆ. ಎರಡು ಕಿಲೋಮೀಟರ್ ಹೋಗಿ ನಿಲ್ಲುವ ಎಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗಿನ ತೇವ, ಹಸಿ ಪೆಟ್ರೋಲ್ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿದು ಹುಳಿಯುತ್ತವೆ. ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಾಯಿಸಲೇಬೇಕು.

ಉಳಿದ ಕೆಲವು ಮಾತುಗಳಿಗೆ ಉತ್ತರ ಚಿಕ್ಕದು. ಬೇರೆ ಕಂಪನಿಯ ಎಣ್ಣೆ ಬೆರೆತರೆ ಎಂಜಿನ್ ಜಾಮ್ ಆಗುವುದಿಲ್ಲ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಗುರುತಿನ ಎಣ್ಣೆಗಳು ಒಂದಕ್ಕೊಂದು ಬೆರೆಯಲೇಬೇಕೆಂಬ ನಿಯಮವಿದೆ, ಹಾಗಾಗಿ ದಾರಿಯಲ್ಲಿ ಕಡಿಮೆ ಬಿದ್ದರೆ ಸಿಕ್ಕಿದ್ದನ್ನು ಹಾಕಿಕೊಂಡು ಮನೆ ಸೇರಿ. ಸಿಂಥೆಟಿಕ್ ಹಾಕಿದರೆ ಹಳೆಯ ಗಾಡಿ ಸೋರುತ್ತದೆ ಎಂಬುದು ಆರಂಭದ ಸಿಂಥೆಟಿಕ್ ಎಣ್ಣೆಗಳ ಕಾಲದ ಮಾತು. ಈಗ ಸೋರಿದರೆ ಸೀಲು ಮೊದಲೇ ಒಡೆದಿದ್ದು ಗಸಿ ಅದನ್ನು ಮುಚ್ಚಿತ್ತು ಎಂದರ್ಥ. ಆದರೂ ಹಳೆಯ ಮಾರುತಿಗೆ ಒಳ್ಳೆಯ ಮಿನರಲ್ ಎಣ್ಣೆಯೇ ಸಾಕು. ಟ್ರ್ಯಾಕ್ಟರಿನ ಎಣ್ಣೆ ಮಿಕ್ಕಿದೆ ಎಂದು ಕಾರಿಗೆ ಸುರಿಯುವ ಮೊದಲು ಡಬ್ಬಿಯ ಅಕ್ಷರ ಓದಿ. ಎಸ್ ಅಕ್ಷರದಿಂದ ಶುರುವಾಗುವ ಗುರುತು ಪೆಟ್ರೋಲಿಗೆ, ಸಿ ಇಂದ ಶುರುವಾಗುವುದು ಡೀಸೆಲಿಗೆ. ಎರಡೂ ಇದ್ದರೆ ಎರಡಕ್ಕೂ ಆದೀತು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನಂತೂ ಹತ್ತಿರ ತರಬೇಡಿ. ಕಾರಿನ ಎಣ್ಣೆ ಬೈಕಿಗೂ ಬೇಡ, ಕ್ಲಚ್ ಜಾರಬಹುದು.

ಆವತ್ತು ಅಂಗಡಿಯಿಂದ ಬರಿಗೈಲಿ ಹಿಂದಿರುಗಿ ಗಾಡಿಯ ಪುಸ್ತಕ ಹುಡುಕಿದೆವು. ದೇವರ ಜಗಲಿಯ ಕೆಳಗಿನ ಟ್ರಂಕಿನಲ್ಲಿ ಸಿಕ್ಕಿತು. ಹವೆಗೆ ತಕ್ಕ ದರ್ಜೆಗಳ ಪಟ್ಟಿ ಅದರಲ್ಲಿತ್ತು. ಮಾರನೆಯ ದಿನ 15ಡಬ್ಲ್ಯೂ-40 ತಂದು, ಫಿಲ್ಟರ್ ಬದಲಿಸಿ, ಕಡ್ಡಿಯ ಎರಡು ಗೆರೆಗಳ ನಡುವೆ ಮೇಲಿನದಕ್ಕೆ ಸರಿಯಾಗಿ ನಿಲ್ಲಿಸಿದೆವು. ಇರಲಿ ಎಂದು ಇನ್ನಷ್ಟು ಸುರಿಯಹೊರಟ ಕಾಕಾನ ಕೈ ಹಿಡಿದೆ. ಗೆರೆ ದಾಟಿದರೆ ಕ್ರ್ಯಾಂಕ್ ಶಾಫ್ಟು ಮೊಸರು ಕಡೆದಂತೆ ಎಣ್ಣೆ ಕಡೆದು ನೊರೆ ಎಬ್ಬಿಸುತ್ತದೆ. ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಹೊಡೆದೆವು, ನಕಲಿ ಎಣ್ಣೆ ತುಂಬುವವರ ಕೈಗೆ ಅದು ಸಿಗಬಾರದು. ಸುಟ್ಟ ಎಣ್ಣೆಯನ್ನು ಕೊಟ್ಟಿಗೆಯ ಕಂಬಕ್ಕೆ, ಎತ್ತಿನ ಗಾಯಕ್ಕೆ ಹಚ್ಚುವ ರೂಢಿ ಮನೆಯಲ್ಲಿತ್ತು. ಅದರಲ್ಲಿ ಲೋಹದ ಪುಡಿ, ವಿಷ ಎರಡೂ ಇರುತ್ತವೆಂದು ಹೇಳಿ, ಮರುಬಳಕೆಗೆ ಕೂಡಿಡುವ ಗ್ಯಾರೇಜಿಗೆ ಒಯ್ದು ಕೊಟ್ಟೆವು.

ಕಾಕಾ ಬಾನೆಟ್ಟಿನ ಒಳಮೈಯನ್ನು ಒರೆಸಿ, ಎತ್ತಿನ ಕೊಂಬಿಗೆ ಹಚ್ಚಿ ಮಿಕ್ಕಿದ್ದ ಪೇಂಟಿನಿಂದ ತಾರೀಖು, ಕಿಲೋಮೀಟರ್ ಬರೆದ. ಅದರ ಪಕ್ಕದಲ್ಲಿ ದೊಡ್ಡದಾಗಿ 15-40 ಎಂದೂ ಬರೆದ, ಮಿಸ್ತ್ರಿ ಬಾನೆಟ್ ಎತ್ತಿದ ಕೂಡಲೇ ಕಾಣುವ ಹಾಗೆ.