ಉದ್ದಿಷ್ಟಕ್ರಮವೂ ವಿದ್ಯುತ್ಪರಿವರ್ತಕದ ಸೂಕ್ಷ್ಮತೆಯೂ

ಛಂದಶ್ಶಾಸ್ತ್ರದ ಷಟ್ಪ್ರತ್ಯಯಗಳಲ್ಲಿ ಉದ್ದಿಷ್ಟವೆಂಬುದೊಂದು. ಕೊಟ್ಟ ಲಘುಗುರುವಿನ್ಯಾಸವು ಪ್ರಸ್ತಾರದಲ್ಲಿ ಎಷ್ಟನೆಯದೆಂಬುದು ಇದರಿಂದ ತಿಳಿಯುವುದು. ಕೇದಾರಭಟ್ಟನ ವೃತ್ತರತ್ನಾಕರದಲ್ಲಿ ಹೇಳಿರುವ ಕ್ರಮವೆಂತೆಂದರೆ: ಅಕ್ಷರಗಳ ಮೇಲೆ 1, 2, 4, 8 ಎಂದು ದ್ವಿಗುಣಿಸುತ್ತ ಅಂಕಗಳನ್ನು ಬರೆದು, ಲಘುಗಳ ಮೇಲಿನವುಗಳನ್ನು ಮಾತ್ರ ಕೂಡಿ, ಒಂದನ್ನು ಸೇರಿಸಬೇಕು. ಲಘು, ಗುರು, ಲಘು, ಲಘು ಎಂಬ ವಿನ್ಯಾಸಕ್ಕೆ 1, 4, 8 ಸೇರಿ 13. ಒಂದನ್ನು ಕೂಡಲು 14.

ಡಿಜಿಟಲ್-ಅನಲಾಗ್ ಪರಿವರ್ತಕವೆಂಬ ವಿದ್ಯುನ್ಮಂಡಲವು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಲಘುಗುರುಗಳ ಸ್ಥಾನದಲ್ಲಿ 1, 0 ಎಂಬ ಬಿಟ್ಟುಗಳು. ಅಂಕಗಳ ಸ್ಥಾನದಲ್ಲಿ ದ್ವಿಗುಣಿಸುವ ವಿದ್ಯುತ್ಪ್ರವಾಹಗಳು. 1 ಇರುವೆಡೆಯ ಪ್ರವಾಹಗಳ ಮೊತ್ತವೇ ಫಲ. ಎಣಿಕೆಯು ಸೊನ್ನೆಯಿಂದ ಮೊದಲಾಗುವುದರಿಂದ ಒಂದನ್ನು ಸೇರಿಸಬೇಕಾಗಿಲ್ಲ. 8 ಬಿಟ್ಟುಗಳಿಂದ 256 ಮಟ್ಟಗಳೂ 16ರಿಂದ 65,536 ಮಟ್ಟಗಳೂ ಉಂಟಾಗುವುವು. 5 ವೋಲ್ಟಿನ ವ್ಯಾಪ್ತಿಯಲ್ಲಿ ಮೊದಲನೆಯದರ ಹಂತ ಸುಮಾರು 19.5 ಮಿಲಿವೋಲ್ಟ್, ಎರಡನೆಯದರದು ಸುಮಾರು 0.076 ಮಿಲಿವೋಲ್ಟ್.

ಹಾಗಾದರೆ 8 ಬಿಟ್ಟಿನ ಪರಿವರ್ತಕಗಳೆರಡನ್ನು ತಂದು, ಒಂದರ ಫಲವನ್ನು 256ರಿಂದ ಭಾಗಿಸಿ ಮತ್ತೊಂದಕ್ಕೆ ಕೂಡಿದರೆ 16 ಬಿಟ್ಟಿನ ಸೂಕ್ಷ್ಮತೆಯು ಸಿದ್ಧಿಸದೆ? ಎಂಬುದು ಪೂರ್ವಪಕ್ಷ. ಮಟ್ಟಗಳ ಎಣಿಕೆಯೇನೋ ಸಿದ್ಧಿಸುವುದು, ಯಾಥಾರ್ಥ್ಯವು ಸಿದ್ಧಿಸದು. ಹಿರಿಯ ಪರಿವರ್ತಕವು ತನ್ನ ಅರ್ಧ ಹಂತದಷ್ಟು ತಪ್ಪಿದರೂ ಆ ದೋಷವು 128 ಕಿರಿಯ ಹಂತಗಳಿಗೆ ಸಮನು. ಆಗ ಸಂಖ್ಯೆಯು ಏರುತ್ತಿರುವಾಗಲೇ ಫಲವು ಇಳಿದು, ಪ್ರಸ್ತಾರದ ಪಂಕ್ತಿಗಳು ಹಿಂದುಮುಂದಾದಂತೆ ಕ್ರಮವೇ ಕೆಡಬಹುದು.

ಇದಕ್ಕೆ ಪರಿಹಾರಗಳು ಎರಡು. ಮೊದಲನೆಯದು ಅಂಕಗಳನ್ನೇ ಶುದ್ಧಪಡಿಸುವುದು. ಪ್ರತಿ ಬಿಟ್ಟಿಗೂ ದ್ವಿಗುಣಕ್ರಮದ ಬೇರೆ ಬೇರೆ ರೋಧಕಗಳನ್ನಿಟ್ಟರೆ, 16 ಬಿಟ್ಟಿಗೆ ಕನಿಷ್ಠ ಗರಿಷ್ಠ ರೋಧಕಗಳ ಪ್ರಮಾಣ 1ಕ್ಕೆ 32,768. ಅವುಗಳನ್ನು ಹೊಂದಿಸುವುದು ದುಸ್ಸಾಧ್ಯ. ಆದುದರಿಂದ ಒಂದು ರೋಧಕ, ಅದರ ಇಮ್ಮಡಿ, ಹೀಗೆ ಎರಡೇ ಬಗೆಗಳಿಂದ ನಿಚ್ಚಣಿಕೆಯಂತಹ ಜಾಲವನ್ನು ಕಟ್ಟುವರು. ಪ್ರತಿ ಕವಲಿನಲ್ಲಿಯೂ ಪ್ರವಾಹವು ಅರ್ಧವಾಗುತ್ತ ಹೋಗುವುದು. ಆದರೂ ಹಿರಿಯ ಅಂಕದಲ್ಲಿ ನೂರಕ್ಕೊಂದು ಪಾಲು ದೋಷವಿದ್ದರೆ ಫಲವು ಸುಮಾರು 328 ಹಂತ ತಪ್ಪುವುದು.

ಎರಡನೆಯದು ಕಾಲದ ನೆರವನ್ನು ಪಡೆಯುವುದು. 13ನ್ನೂ 14ನ್ನೂ ಸರದಿಯ ಮೇಲೆ ಶೀಘ್ರವಾಗಿ ನೀಡಿ ಫಿಲ್ಟರಿನಿಂದ ಸಮಗೊಳಿಸಿದರೆ ಹದಿಮೂರುವರೆ ದೊರೆಯುವುದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಧ್ವನಿಯು ಸೆಕೆಂಡಿಗೆ 44,100 ಮಾದರಿಗಳ, 16 ಬಿಟ್ಟಿನ ಲೇಖನ. ಫಿಲಿಪ್ಸ್ ಸಂಸ್ಥೆಯ ಮೊದಮೊದಲ ಯಂತ್ರಗಳಲ್ಲಿದ್ದುದಾದರೋ 14 ಬಿಟ್ಟಿನ ಪರಿವರ್ತಕ. ಅದನ್ನು ನಾಲ್ಮಡಿ ವೇಗದಲ್ಲಿ, ಎಂದರೆ ಸೆಕೆಂಡಿಗೆ 1,76,400 ಬಾರಿ ನಡೆಸಿ, ಪ್ರತಿ ಸಲ ಕತ್ತರಿಸಿಹೋದ ಶೇಷವನ್ನು ಮುಂದಿನ ಸಂಖ್ಯೆಯ ಲೆಕ್ಕಕ್ಕೆ ಸೇರಿಸುತ್ತಿದ್ದರು. ಇದರಿಂದ ಶ್ರವ್ಯವ್ಯಾಪ್ತಿಯಲ್ಲಿ 16 ಬಿಟ್ಟಿಗೆ ಸಮಾನವಾದ ಸೂಕ್ಷ್ಮತೆಯು ಲಭಿಸಿತು.

ಆದರೆ 13, 14 ಎಂಬ ಮಟ್ಟಗಳೇ ತಪ್ಪಾಗಿದ್ದರೆ ಅವುಗಳ ಸರಾಸರಿಯೂ ತಪ್ಪೇ ಆಗುವುದು. ಬಿಟ್ಟುಗಳನ್ನು ಹೆಚ್ಚಿಸುವುದಕ್ಕೆ ಮುನ್ನ ಅಂಕಗಳ ಶುದ್ಧಿಯನ್ನು ನೋಡಬೇಕೆಂಬುದೇ ಇಲ್ಲಿಯ ಸಿದ್ಧಾಂತ.