ಎದುರು ತುದಿಯಲ್ಲಿ ಯಾರಿದ್ದರು?

ಟೆಸ್ಟ್ ಕ್ರಿಕೆಟ್ಟಿನಲ್ಲಿ ಎಲ್ಲರಿಗಿಂತ ದೊಡ್ಡ ಬೌಲರ್ ಯಾರು ಎಂದು ವಾದಕ್ಕೆ ಕೂತರೆ ಮೊದಲು ಹೊರಬರುವುದು ಒಟ್ಟು ವಿಕೆಟ್‌ಗಳ ಲೆಕ್ಕ. ಅಲ್ಲಿ ಮುತ್ತಯ್ಯ ಮುರಳೀಧರನ್ ಅವರನ್ನು ಮುಟ್ಟಿದವರಿಲ್ಲ: 133 ಟೆಸ್ಟ್, 800 ವಿಕೆಟ್. ಆದರೆ ಜೇಮ್ಸ್ ಆಂಡರ್ಸನ್ 704 ವಿಕೆಟ್ ಕೀಳಲು 188 ಟೆಸ್ಟ್ ಆಡಿದರು. ಮಾಲ್ಕಮ್ ಮಾರ್ಷಲ್ 81 ಟೆಸ್ಟ್‌ಗಳಲ್ಲಿ 376 ಪಡೆದರು. ಅಷ್ಟಕ್ಕೇ ಆಂಡರ್ಸನ್ ಮಾರ್ಷಲ್‌ಗಿಂತ ದೊಡ್ಡವರು ಎನ್ನುವವರು ಕಡಿಮೆ. ಒಟ್ಟು ಲೆಕ್ಕ ಹೇಳುವುದು ಬಹುಮಟ್ಟಿಗೆ ಬಾಳಿಕೆಯ ಕತೆ. (ವೇಗದ ಬೌಲರ್ ನಲವತ್ತು ದಾಟಿಯೂ ಟೆಸ್ಟ್ ಆಡುವುದು ಹುಡುಗಾಟವಲ್ಲ, ಆ ಮಾತು ಬೇರೆ.)

ಆಗ ವಾದ ಸರಾಸರಿಗೆ ಹೊರಳುತ್ತದೆ. ಕೊಟ್ಟ ರನ್ನುಗಳನ್ನು ಪಡೆದ ವಿಕೆಟ್‌ಗಳಿಂದ ಭಾಗಿಸಿದರೆ ಸರಾಸರಿ, ಹಾಕಿದ ಎಸೆತಗಳನ್ನು ಭಾಗಿಸಿದರೆ ಸ್ಟ್ರೈಕ್ ರೇಟ್. ಎರಡೂ ಕಡಿಮೆಯಿದ್ದಷ್ಟು ಒಳ್ಳೆಯದು. ಇದೂ ಸಾಲದು. ಇಂಗ್ಲೆಂಡಿನ ಜಾರ್ಜ್ ಲೋಮನ್ ಅವರ ಸರಾಸರಿ 10.75. ಅದು ಹತ್ತೊಂಬತ್ತನೆಯ ಶತಮಾನದ್ದು, ಮಳೆ ಬಂದರೆ ಪಿಚ್‌ಗೆ ಹೊದಿಕೆಯಿಲ್ಲದ ಕಾಲದ್ದು. ಕಾಲದಂತೆ ನೆಲವೂ ಲೆಕ್ಕಕ್ಕೆ ಬರುತ್ತದೆ. 708 ವಿಕೆಟ್‌ಗಳ ಶೇನ್ ವಾರ್ನ್ ಭಾರತದ ನೆಲದಲ್ಲಿ ಒಂದೊಂದು ವಿಕೆಟ್‌ಗೆ 43 ರನ್ ತೆತ್ತರು. ನಮ್ಮ ಅನಿಲ್ ಕುಂಬ್ಳೆ ತವರಿನಲ್ಲಿ 24.88, ಹೊರಗೆ 35.85.

ಇಷ್ಟನ್ನು ಅಭಿಮಾನಿಗಳು ಹೇಗೂ ಬಲ್ಲರು. ಅವರು ಮರೆಯುವುದು ಎದುರು ತುದಿಯನ್ನು. ಬೌಲಿಂಗ್ ನಡೆಯುವುದು ಎರಡು ತುದಿಗಳಿಂದ; ಒಬ್ಬನ ಅಂಕಿಯಲ್ಲಿ ಇನ್ನೊಬ್ಬನ ಪಾಲಿರುತ್ತದೆ. ವೆಸ್ಟ್ ಇಂಡೀಸ್‌ನ ನಾಲ್ವರು ವೇಗಿಗಳ ದಾಳಿಯಲ್ಲಿ ಮಾರ್ಷಲ್ ಓವರ್ ಮುಗಿಸಿದರೆ ಜೋಯಲ್ ಗಾರ್ನರೋ ಮೈಕೆಲ್ ಹೋಲ್ಡಿಂಗೋ ಚೆಂಡು ಹಿಡಿಯುತ್ತಿದ್ದರು; ಬ್ಯಾಟ್ಸ್‌ಮನ್‌ಗೆ ಉಸಿರಾಡಲು ಜಾಗವೇ ಇಲ್ಲ. ಅದರಿಂದ ವಿಕೆಟ್ ಅಗ್ಗವಾಗಿ ಬೀಳುತ್ತದೆ, ಆದರೆ ನಾಲ್ವರಲ್ಲಿ ಹಂಚಿಹೋಗುತ್ತದೆ. ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿಯದು ಇದಕ್ಕೆ ತಿರುಗುಮುರುಗು. ಬಹುಪಾಲು ಒಬ್ಬರೇ ಭಾರ ಹೊತ್ತರು. 86 ಟೆಸ್ಟ್‌ಗಳಲ್ಲಿ 431 ವಿಕೆಟ್, ಎಂದರೆ ಟೆಸ್ಟ್ ಒಂದಕ್ಕೆ ಐದು. ಮಾರ್ಷಲ್‌ಗೆ ಐದೂ ಇಲ್ಲ. ಹಾಗಾಗಿ ನನ್ನ ಲೆಕ್ಕ ಹೀಗೆ: ಒಂಟಿ ಬೌಲರ್‌ನ ವಿಕೆಟ್ ಸಂಖ್ಯೆಯನ್ನು ತುಸು ಇಳಿಸಿ ನೋಡಬೇಕು, ಜೊತೆಯಿದ್ದವನ ಸರಾಸರಿಯನ್ನು ತುಸು ಏರಿಸಿ ನೋಡಬೇಕು. ಹೀಗೆ ತೂಗಿದ ಮೇಲೂ ನನಗೆ ಮಾರ್ಷಲ್ಲೇ ಮೇಲೆ. 1983-84ರಲ್ಲಿ ವೇಗಿಗಳಿಗೆ ಏನೂ ಸಿಗದು ಎನ್ನುವ ನಮ್ಮ ಪಿಚ್‌ಗಳಲ್ಲೇ ಅವರು ಆರು ಟೆಸ್ಟ್‌ಗಳಿಂದ 33 ವಿಕೆಟ್ ಕಿತ್ತರು. ಕಾನ್ಪುರದಲ್ಲಿ ಗಾವಸ್ಕರ್ ಕೈಯಿಂದ ಬ್ಯಾಟೇ ಹಾರಿಹೋಯಿತು.

ಎದುರು ತುದಿಯನ್ನು ಹತ್ತಿರದಿಂದ ನೋಡಬೇಕಾದರೆ 1999ರ ಫೆಬ್ರವರಿಗೆ ಹೋಗಬೇಕು. ದೆಹಲಿಯ ಕೋಟ್ಲಾದಲ್ಲಿ 420 ರನ್ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ಬೀಳದೆ 101. ಕುಂಬ್ಳೆ ತುದಿ ಬದಲಿಸಿ ಪೆವಿಲಿಯನ್ ಕಡೆಯಿಂದ ಬಂದರು. ಅಫ್ರಿದಿ ಕೀಪರ್ ಮೊಂಗಿಯಾಗೆ ಕ್ಯಾಚ್, ಮರುಎಸೆತಕ್ಕೆ ಇಜಾಜ್ ಎಲ್‌ಬಿಡಬ್ಲ್ಯು. ನೋಡನೋಡುತ್ತಿದ್ದಂತೆ ಆರಕ್ಕೆ 128. ಒಂಬತ್ತೂ ಕುಂಬ್ಳೆಯ ಪಾಲಾದಾಗ ಜಾವಗಲ್ ಶ್ರೀನಾಥ್ ಎದುರು ತುದಿಯಿಂದ ಬೇಕೆಂದೇ ಆಫ್ ಸ್ಟಂಪ್‌ನಿಂದ ದೂರಕ್ಕೆ ಚೆಂಡು ಹಾಕಿದರು. ತನಗೆ ವಿಕೆಟ್ ಬೀಳಬಾರದು ಎಂದು ಒಬ್ಬ ವೇಗಿ ಓವರ್ ಹಾಕುವುದನ್ನು ಯಾವ ಸ್ಕೋರ್‌ಕಾರ್ಡ್ ತೋರಿಸೀತು? ವಾಸಿಂ ಅಕ್ರಂ ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈಗೆ ಸಿಕ್ಕರು. 74 ರನ್‌ಗೆ ಹತ್ತು.

ಅದೇ ತಿಂಗಳು ಕೋಲ್ಕತ್ತದಲ್ಲಿ, ಅದೇ ಎದುರಾಳಿ. ಪಾಕಿಸ್ತಾನ ಮೊದಲ ದಿನ 26ಕ್ಕೆ ಆರು ವಿಕೆಟ್ ಕಳೆದುಕೊಂಡಿತು. ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ ಐದು, ಎರಡನೆಯದರಲ್ಲಿ 86ಕ್ಕೆ ಎಂಟು ವಿಕೆಟ್ ಪಡೆದರು, ಒಟ್ಟು 132ಕ್ಕೆ 13. ಆದರೂ ಸಯೀದ್ ಅನ್ವರ್ ಕೊನೆಯವರೆಗೂ ಔಟಾಗದೆ 188 ಹೊಡೆದರು, ಭಾರತ 46 ರನ್‌ನಿಂದ ಸೋತಿತು. ಶ್ರೀನಾಥ್ ಅವರ ಒಟ್ಟು ಸರಾಸರಿ 30.49, ಪಟ್ಟಿ ನೋಡಿ ಬೌಲರ್‌ಗಳನ್ನು ಆರಿಸುವವರ ಕಣ್ಣು ಅಲ್ಲಿಯವರೆಗೆ ಇಳಿಯುವುದಿಲ್ಲ. ಶ್ರೇಷ್ಠರ ಮೊದಲ ಸಾಲಿಗೆ ಅವರನ್ನು ನಾನೂ ಸೇರಿಸುವುದಿಲ್ಲ. ಆ 30.49 ಇಡೀ ಕತೆ ಹೇಳುವುದಿಲ್ಲ ಎಂದಷ್ಟೇ ನನ್ನ ತಕರಾರು.

ಈ ಕಾಲದ ಜಸ್‌ಪ್ರೀತ್ ಬುಮ್ರಾ ನನ್ನ ಲೆಕ್ಕವನ್ನೇ ಕೆಡಿಸುತ್ತಾರೆ. 2024-25ರಲ್ಲಿ ಆಸ್ಟ್ರೇಲಿಯಾದಲ್ಲಿ ಐದು ಟೆಸ್ಟ್‌ಗಳಿಂದ 32 ವಿಕೆಟ್, ಸರಾಸರಿ 13.06. ಒಂಟಿಯಾಗಿ ಎಳೆದವರ ಸಂಖ್ಯೆಯೂ ಅವರದೇ, ಜೊತೆಯಿದ್ದವರ ಸರಾಸರಿಯೂ ಅವರದೇ. 150 ಓವರ್‌ಗೂ ಮಿಗಿಲು ಹಾಕಿದ ಮೇಲೆ ಸಿಡ್ನಿಯ ಕೊನೆಯ ಇನಿಂಗ್ಸ್‌ನಲ್ಲಿ ಬೆನ್ನು ನೋವಿನಿಂದ ಅವರು ಚೆಂಡು ಮುಟ್ಟಲಿಲ್ಲ. ಗೆಲ್ಲಲು ಬೇಕಿದ್ದ 162 ರನ್ನನ್ನು ಆಸ್ಟ್ರೇಲಿಯಾ ನಾಲ್ಕೇ ವಿಕೆಟ್ ಕಳೆದುಕೊಂಡು ಹೊಡೆಯಿತು.