ವಿದುರಾಶ್ವತ್ಥ: ನಾಗರಕಲ್ಲುಗಳ ಪಕ್ಕದಲ್ಲೇ ಹುತಾತ್ಮರ ನೆಲ

ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರಕ್ಕೆ ಕಾಲಿಡುವ ಮುನ್ನ ಹಾದುಹೋಗುವ ವ್ಯಾಪಾರದ ಊರು ಗೌರಿಬಿದನೂರು. ಇಲ್ಲಿಂದ ಹಿಂದೂಪುರದ ದಿಕ್ಕಿನಲ್ಲಿ ಸುಮಾರು 6 ಕಿ.ಮೀ. ಸಾಗಿದರೆ ವಿದುರಾಶ್ವತ್ಥ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಈ ಕ್ಷೇತ್ರ ಎರಡು ಕಾರಣಗಳಿಗೆ ಪ್ರಸಿದ್ಧ. ಆದರೆ ಬರುವವರಲ್ಲಿ ಅನೇಕರು ಒಂದನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ.

ಮೊದಲನೆಯದು ನಾಗಾರಾಧನೆ. ಮಹಾಭಾರತದ ವಿದುರ ನೆಟ್ಟ ಅಶ್ವತ್ಥವೃಕ್ಷ ಇಲ್ಲಿತ್ತೆಂಬುದು ಸ್ಥಳಪುರಾಣ. ಆ ಹಳೆಯ ಮರ 2001ರಲ್ಲಿ ಉರುಳಿತು. ಭಕ್ತರು ಬರುವುದು ಮಾತ್ರ ನಿಲ್ಲಲಿಲ್ಲ. ಸಂತಾನಭಾಗ್ಯಕ್ಕಾಗಿ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಸಾವಿರಾರು ನಾಗರಕಲ್ಲುಗಳು ದೇವಾಲಯದ ಆವರಣದಲ್ಲಿ ಸಾಲುಗಟ್ಟಿ ನಿಂತಿವೆ.

ಎರಡನೆಯದು 1938ರ ಏಪ್ರಿಲ್ 25ರ ಗೋಲಿಬಾರ್. ಅದೇ ತಿಂಗಳ 11ರಂದು ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಬಿಸಿ ಈ ಭಾಗಕ್ಕೂ ತಟ್ಟಿತು. ನಿಷೇಧಾಜ್ಞೆಯನ್ನು ಲೆಕ್ಕಿಸದೆ ಜನ ವಿದುರಾಶ್ವತ್ಥದಲ್ಲಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರೆಂಬುದು ಜನರ ಲೆಕ್ಕ; ಸರ್ಕಾರ ಒಪ್ಪಿದ್ದು ಅದಕ್ಕಿಂತ ಬಹಳ ಕಡಿಮೆ.

‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಈ ಸ್ಥಳಕ್ಕೆ ಬಂದದ್ದು ಹೀಗೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೃತಸರದಲ್ಲಿ ಗುಂಡಿಕ್ಕಿಸಿದವನು ಬ್ರಿಟಿಷ್ ಸೇನಾಧಿಕಾರಿ. ಇಲ್ಲಿ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರಿನಲ್ಲಿಯೂ ಧ್ವಜವೊಂದನ್ನು ಹಾರಿಸುವುದು ಅಪರಾಧವಾಗಿತ್ತು ಎಂಬುದನ್ನು ಈ ಘಟನೆ ದೇಶಕ್ಕೆ ತಿಳಿಸಿತು. ಸರ್ದಾರ್ ಪಟೇಲ್ ಹಾಗೂ ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮೇ ತಿಂಗಳಲ್ಲಿ ಏರ್ಪಟ್ಟ ಒಪ್ಪಂದದಂತೆ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶವಾಯಿತು.

ಹುತಾತ್ಮರ ಸ್ಮಾರಕ ಮತ್ತು ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ಜೋಡಿಸಿರುವ ‘ವೀರಸೌಧ’ ದೇವಾಲಯಕ್ಕೆ ಸಮೀಪದಲ್ಲೇ ಇವೆ. ಶಾಲಾ ಮಕ್ಕಳೊಂದಿಗೆ ಬರುವವರು ಇಲ್ಲಿಗೆ ಕನಿಷ್ಠ ಒಂದು ಗಂಟೆ ಮೀಸಲಿಡುವುದು ಒಳಿತು.

ಸಮಯವಿದ್ದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿಗೂ ಹೋಗಬಹುದು. ಶಿಕ್ಷಣತಜ್ಞ, ವಿಚಾರವಾದಿ ಡಾ. ಎಚ್. ನರಸಿಂಹಯ್ಯ ಅವರು 1920ರಲ್ಲಿ ಜನಿಸಿದ ಊರು ಅದು. ಖಗೋಳ ವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಗೌರಿಬಿದನೂರಿನ ರೇಡಿಯೊ ದೂರದರ್ಶಕ ಕೇಂದ್ರದ ಹೆಸರು ಪರಿಚಿತ. ಅದು ಸಂಶೋಧನಾ ಕೇಂದ್ರವಾದ್ದರಿಂದ ಮೊದಲೇ ಅನುಮತಿ ಕೇಳಿ ಹೋಗುವುದು ಯುಕ್ತ.

ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರದ ಮೂಲಕ ರಸ್ತೆ ಹಾಗೂ ರೈಲು ಮಾರ್ಗಗಳೆರಡೂ ಗೌರಿಬಿದನೂರಿಗಿವೆ. ರಸ್ತೆಯಲ್ಲಿ ದೂರ ಸುಮಾರು 80 ಕಿ.ಮೀ. ವಿದುರಾಶ್ವತ್ಥದಲ್ಲಿಯೂ ರೈಲು ನಿಲ್ದಾಣವುಂಟು. ಆದರೆ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ತುಂಬಿ ಹರಿಯುವ ಹೊಳೆಯನ್ನು ನಿರೀಕ್ಷಿಸಿ ಬರುವವರಿಗೆ ಮಾತ್ರ ನಿರಾಸೆಯಾದೀತು. ಉತ್ತಮ ಮಳೆಯಾದ ವರ್ಷಗಳನ್ನು ಬಿಟ್ಟರೆ ಪಿನಾಕಿನಿಯಲ್ಲಿ ಕಾಣುವುದು ಹೆಚ್ಚಾಗಿ ಮರಳೇ. ಬೇಸಿಗೆಯ ಬಿಸಿಲು ಇಲ್ಲಿ ಕಡು. ಬೆಳಗಿನಲ್ಲಿಯೇ ದೇವರ ದರ್ಶನ ಮುಗಿಸಿ, ಬಿಸಿಲೇರುವ ಮೊದಲು ಸ್ಮಾರಕಕ್ಕೆ ಹೋದರೆ ಎರಡನ್ನೂ ಸಮಾಧಾನದಿಂದ ನೋಡಬಹುದು.